ಅಡುಗೆಮನೆ ಕಿಟಕಿಯ ಬಾಟಲಿ

ಪಂಜ
೧೯ ಅಕ್ಟೋಬರ್ ೨೦೨೪

ಪ್ರೀತಿಯ ಭವಿತಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡಿದರೆ ಮೊದಲ ಸಾಲೇ ಸುಳ್ಳಾಗುತ್ತದೆ, ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ. ಕೈಯಲ್ಲಿ ಮೊಬೈಲ್ ಇರುವಾಗ ಅತ್ತಿಗೆ ಯಾಕೆ ಕಾಗದ ಬರೆದಳು ಎಂದು ನಗಬೇಡ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಆ ಮೂಲೆಯಲ್ಲೇ ಅತ್ತೆಯ ಕುರ್ಚಿ. ನಿನ್ನ ಅವ್ವನಿಗೆ ಕಣ್ಣು ಮಂಜು, ಕೊರೋನಾ ಬಂದು ಹೋದ ಮೇಲೆ ವಾಸನೆಯೂ ಗೊತ್ತಾಗುವುದಿಲ್ಲ, ಆದರೆ ಕಿವಿ ಮಾತ್ರ ಇಪ್ಪತ್ತು ವರ್ಷದ ಹುಡುಗಿಯದ್ದು. ಅವರ ವಿಷಯವನ್ನು ಅವರ ಎದುರೇ ಹೇಗೆ ಮಾತಾಡುವುದು? ಅದೂ ಅಲ್ಲದೆ ಏಪ್ರಿಲ್‌ನಲ್ಲಿ ಫೋನಿನಲ್ಲಿ ಅತ್ತೆಯ ವಿಷಯಕ್ಕೆ ನಾವಿಬ್ಬರು ಆಡಿದ ಜಗಳದ ಮಾತು ನಿನಗೂ ನೆನಪಿರಬಹುದು. ಕಾಗದದಲ್ಲಾದರೆ ನಾನು ಹೇಳಿ ಮುಗಿಸುವ ತನಕ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ಇದನ್ನು ನಿನ್ನ ಅಣ್ಣನ ಕೈಯಲ್ಲಿ ಕೊಡುತ್ತೇನೆ. ದಿನಾ ನಿನ್ನ ಟೈಲರ್ ಅಂಗಡಿಯ ಎದುರಿನಿಂದಲೇ ಬಸ್ ಓಡಿಸಿಕೊಂಡು ಹೋಗುವವರು, ಒಂದು ಲಕೋಟೆ ಇಳಿಸಿದರೆ ಸ್ಟೇರಿಂಗ್ ಏನೂ ಸವೆಯುವುದಿಲ್ಲ.

ವಿಷಯ ಇದು. ನಿನ್ನೆ ಬೆಳಿಗ್ಗೆ ನಾನು ರಬ್ಬರ್ ಟ್ಯಾಪಿಂಗ್‌ನಲ್ಲಿರುವಾಗ ನಮ್ಮ ಬೊಳ್ಳು ನಾಯಿಗೆ ಕಾಡುಹಂದಿ ತಿವಿದಿದೆ. ಹಿಂದಿನ ಬಲತೊಡೆ ಒಂದು ಗೇಣು ಸೀಳಿಹೋಗಿದೆ. ಪಂಜದ ದನದ ಡಾಕ್ಟರಮ್ಮ ಬಂದು ಹೊಲಿಗೆ ಹಾಕಿದರು. ದಿನಕ್ಕೆ ಎರಡು ಸಲ ಮದ್ದಿನ ನೀರಲ್ಲಿ ಗಾಯ ತೊಳೆಯಬೇಕು, ಎರಡು ವಾರ ನಾಯಿಯನ್ನು ಕಟ್ಟಿಹಾಕಬೇಕು ಎಂದಿದ್ದಾರೆ. ಗಾಯ ತೊಳೆಯುವ ಮದ್ದಿನ ಬಾಟಲಿ ತಂದು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೇನೆ.

ನಾಯಿ ಮಲಗಿದರೆ ಏನಂತೆ ಎಂದು ನಿನಗೆ ಅನಿಸಬಹುದು. ನಾನು ಬೆಳಿಗ್ಗೆ ಐದಕ್ಕೆ ಮರಕ್ಕೆ ಹೋಗಿ, ರಬ್ಬರ್ ಹಾಲು ಎತ್ತಿ, ಕೆಳಗಿನ ಶೆಡ್ಡಿನಲ್ಲಿ ಆಸಿಡ್ ಹಾಕಿ ಹೆಪ್ಪಿಗೆ ಇಟ್ಟು ಮೇಲೆ ಬರುವಾಗ ಹತ್ತು ಗಂಟೆ. ಅಷ್ಟು ಹೊತ್ತು ಅತ್ತೆಯನ್ನು ನೋಡಿಕೊಂಡದ್ದು ಬೊಳ್ಳು. ಅವರು ಅಂಗಳ ದಾಟಿದರೆ ಸಾಕು, ಒಂದೇ ಸಮ ಬೊಗಳುತ್ತಾನೆ, ನಾನು ಎಲ್ಲಿದ್ದರೂ ಓಡಿ ಬರುತ್ತೇನೆ. ಹೋದ ತಿಂಗಳು ಅವರು ಮದುವೆಯಾಗಿ ಹೋದ ತಂಗಿಯನ್ನು ನೋಡಲೆಂದು ಹೊರಟಿದ್ದರು. ಆ ತಂಗಿ ತೀರಿಹೋಗಿ ಒಂಬತ್ತು ವರ್ಷ.

ಎರಡೇ ವಾರ, ಭವಿತಾ. ಅತ್ತೆಯನ್ನು ನಿನ್ನ ಹತ್ತಿರ ಇಟ್ಟುಕೊಳ್ಳುತ್ತೀಯಾ?

ನಿನ್ನ ಅತ್ತಿಗೆ,
ಹರಿಣಾಕ್ಷಿ

———

ಸವಣೂರು
೨೧ ಅಕ್ಟೋಬರ್ ೨೦೨೪

ಅತ್ತಿಗೆಗೆ ನಮಸ್ಕಾರ.

ಅಣ್ಣ ಬಸ್ಸಿನ ಕಿಟಕಿಯಿಂದಲೇ ಲಕೋಟೆ ಎಸೆದು ಹೋದ. ನಿಮ್ಮ ಅಕ್ಷರ ನೋಡಿ ಮೊದಲು ಹೆದರಿದೆ, ಯಾರೋ ತೀರಿಕೊಂಡರು ಎಂದುಕೊಂಡೆ.

ಬೊಳ್ಳುವಿನ ವಿಷಯ ಕೇಳಿ ಬೇಸರವಾಯಿತು. ಆದರೆ ದೀಪಾವಳಿಗೆ ಹತ್ತೇ ದಿನ. ನನ್ನ ಅಂಗಡಿಯಲ್ಲಿ ಅರುವತ್ತೆರಡು ರವಿಕೆ ಹೊಲಿಯದೆ ಬಿದ್ದಿವೆ. ಒಂದೊಂದಕ್ಕೂ ಒಬ್ಬೊಬ್ಬಳು ದಿನಕ್ಕೆರಡು ಸಲ ಬಂದು ನಿಲ್ಲುತ್ತಾಳೆ. ಮನೆ ಅಂಗಡಿಯ ಮೇಲಿನ ಮಹಡಿಯಲ್ಲಿ, ಏಣಿಯ ಹಾಗಿರುವ ಮೆಟ್ಟಿಲು, ನಿಮಗೆ ಗೊತ್ತಿದೆ. ಅವ್ವ ಒಂದು ಹೆಜ್ಜೆ ತಪ್ಪಿದರೆ ಮತ್ತೆ ನೀವೇ ನನ್ನನ್ನು ಕೇಳುತ್ತೀರಿ. ಹಬ್ಬ ಕಳೆಯಲಿ, ಆಮೇಲೆ ನೋಡೋಣ.

ಇಲ್ಲವೆಂದು ಹೇಳುತ್ತಿಲ್ಲ. ಹಾಗೆಂದು ತಿಳಿದು ಊರಿಡೀ ಹೇಳಬೇಡಿ.

ಭವಿತಾ

———

ಪಂಜ
೨೬ ಅಕ್ಟೋಬರ್ ೨೦೨೪

ಭವಿತಾ,

ಮೊನ್ನೆ ಗುರುವಾರದ್ದು ಅರ್ಧ ನಿನಗೆ ಗೊತ್ತಿದೆ. ಉಳಿದದ್ದನ್ನು ಬರೆಯುತ್ತೇನೆ.

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಾನು ಹಾಲಿನ ಬಕೆಟ್ ಹಿಡಿದು ಶೆಡ್ಡಿಗೆ ಬಂದಿದ್ದೆನಷ್ಟೆ. ಮೇಲಿನಿಂದ ಬೊಳ್ಳು ಕಿರುಚಿದ್ದು ಕೇಳಿತು. ಬೊಗಳಿದ್ದಲ್ಲ. ಆ ಸ್ವರವನ್ನು ನಾನು ಇನ್ನೊಂದು ಸಲ ಕೇಳಲಾರೆ. ಓಡಿ ಬಂದು ನೋಡಿದರೆ ಅತ್ತೆ ಹಿಂದಿನ ಜಗಲಿಯಲ್ಲಿ ಕೂತಿದ್ದಾರೆ, ಕೈಯಲ್ಲಿ ಹತ್ತಿಯ ಉಂಡೆ. ಬೊಳ್ಳು ಸರಪಳಿ ಎಳೆದುಕೊಂಡು ನೆಲಕ್ಕೆ ತೊಡೆ ಉಜ್ಜುತ್ತಿದ್ದಾನೆ. ಗಾಯದ ಸುತ್ತ ಚರ್ಮ ಬೆಳ್ಳಗೆ ಬೆಂದಿದೆ. ಅತ್ತೆಯ ಹೆಬ್ಬೆರಳಿನ ಬುಡದಲ್ಲಿ ಎರಡು ಹಲ್ಲಿನ ಗುರುತು, ರಕ್ತ. ಇಷ್ಟು ವರ್ಷದಲ್ಲಿ ಅವನು ಒಂದು ಕೋಳಿಯನ್ನೂ ಕಚ್ಚಿದವನಲ್ಲ.

ಮದ್ದೆಂದು ತಿಳಿದು ಅವರು ರಬ್ಬರಿನ ಆಸಿಡ್ ಹಚ್ಚಿದ್ದರು. ನೀರು ಕೂಡ ಬೆರೆಸಿರಲಿಲ್ಲ. "ನೀರು ಹಾಕಿದ್ರೆ ಮದ್ದಿನ ಗುಣ ಹೋಗ್ತದೆ" ಅಂದರು. ಅವರ ಬೆರಳೂ ಬೆಂದಿತ್ತು. ಅದು ಅವರಿಗೆ ಗೊತ್ತೇ ಆಗಿರಲಿಲ್ಲ.

ನಿನ್ನ ಅಣ್ಣ ಬಸ್ಸಿನಲ್ಲಿ. ಪಕ್ಕದ ಸಿದ್ದೀಕ್ ಆಟೋ ತಂದ. ನನ್ನ ಒಂದು ಕಡೆ ಅತ್ತೆ, ಒದ್ದೆ ಬಟ್ಟೆ ಸುತ್ತಿದ ಕೈ. ಕಾಲ ಬಳಿ ಗೋಣಿಯಲ್ಲಿ ಬೊಳ್ಳು. ಪೇಟೆಗೆ ಬಂದರೆ ದನದ ಡಾಕ್ಟರಮ್ಮ ರಜೆ. ಸಿದ್ದೀಕ್ ತಿರುಗಿ ಕೇಳಿದ, "ಅಕ್ಕ, ಎಂತ ಮಾಡುದು? ನಾಯಿಗೆ ಪುತ್ತೂರು, ಅಮ್ಮನಿಗೆ ಸುಳ್ಯ. ಎರಡಕ್ಕೂ ಒಟ್ಟಿಗೆ ಹೋಗ್ಲಿಕ್ಕೆ ಆಗುದಿಲ್ಲ ಮಾರಾಯ್ರೆ." ಅತ್ತೆ ನನ್ನ ಕೈ ಹಿಡಿದುಕೊಂಡು, "ನನ್ನನ್ನು ಇಲ್ಲೇ ಇಳಿಸು, ಬೊಳ್ಳುವನ್ನು ಕರ್ಕೊಂಡು ಹೋಗು" ಎಂದರು. ನಾನು ನಾಯಿಯನ್ನು ಸಿದ್ದೀಕನಿಗೆ ಬಿಟ್ಟು, ಅತ್ತೆಯನ್ನು ಬೇರೆ ಆಟೋ ಹತ್ತಿಸಿ ಸುಳ್ಯಕ್ಕೆ ಹೋದೆ. ಹೋಗುವ ದಾರಿಯಲ್ಲಿ ಅವನು ನಿನ್ನನ್ನು ಹತ್ತಿಸಿಕೊಂಡದ್ದು ಮರುದಿನ ಗೊತ್ತಾಯಿತು. ಅರುವತ್ತೆರಡು ರವಿಕೆ ಬಿಟ್ಟು ಹೋದೆಯಂತೆ.

ಅತ್ತೆಗೆ ನಾಯಿ ಕಚ್ಚಿದ್ದಕ್ಕೆ ಇಂಜೆಕ್ಷನ್ ಶುರುವಾಗಿದೆ. ಸಕ್ಕರೆ ಕಾಯಿಲೆ ಇರುವುದರಿಂದ ಬೆರಳು ಮಾಗಲು ಸಮಯ ಬೇಕಂತೆ. ಹೇಗಾಯಿತು ಎಂದು ಆಸ್ಪತ್ರೆಯಲ್ಲಿ ಕೇಳಿದರು. ಅವರಿಗೆ ನೆನಪು ಸರಿ ಇಲ್ಲ, ಶೆಡ್ಡಿನಿಂದ ಆಸಿಡ್ ತಂದಿದ್ದಾರೆ ಎಂದೆ.

ಹರಿಣಾಕ್ಷಿ

———

ಸವಣೂರು
೩ ನವೆಂಬರ್ ೨೦೨೪

ಅತ್ತಿಗೆ,

ಆ ದಿನ ಬೊಳ್ಳುವಿನ ತಲೆ ನನ್ನ ಮಡಿಲಲ್ಲಿತ್ತು. ಪುತ್ತೂರು ಮುಟ್ಟುವ ತನಕ ನನ್ನ ಮುಖವನ್ನೇ ನೋಡುತ್ತಿದ್ದ. ಸೀರೆಗೆ ಹತ್ತಿದ ಆಸಿಡ್ ವಾಸನೆ ಎರಡು ಸಲ ಒಗೆದರೂ ಹೋಗಿಲ್ಲ. ಹಬ್ಬದ ದಿನವೂ ಹೋಗಿ ನೋಡಿ ಬಂದೆ. ಕಾಲು ಉಳಿಯುತ್ತದೋ ಇಲ್ಲವೋ ವಾರ ಕಳೆಯದೆ ಹೇಳಲಾಗದು ಎಂದಿದ್ದಾರೆ.

ನೀವು ಕೇಳಿದಾಗಲೇ ಅವ್ವನನ್ನು ಕರೆತಂದಿದ್ದರೆ ಇದು ಆಗುತ್ತಿರಲಿಲ್ಲ. ಇದನ್ನು ನೀವು ಬರೆದಿಲ್ಲ, ಆದರೆ ಬರೆಯದೆ ಬಿಟ್ಟದ್ದೂ ನನಗೆ ಓದಲಿಕ್ಕೆ ಬರುತ್ತದೆ. ತಪ್ಪು ನನ್ನದು. ಇನ್ನು ಅವ್ವನ ಜವಾಬ್ದಾರಿ ನನ್ನದು. ಏನಾದರೂ ವ್ಯವಸ್ಥೆ ಮಾಡುತ್ತೇನೆ.

ಒಂದೇ ಒಂದು ಮಾತು. ನಮ್ಮ ಶೆಡ್ಡಿಗೆ ಮನೆಯಿಂದ ಇಪ್ಪತ್ತೆರಡು ಮೆಟ್ಟಿಲು. ಅವ್ವ ಮೊಣಕಾಲು ನೋವಿನಿಂದ ಎರಡು ವರ್ಷದಿಂದ ಆ ಕಡೆ ಇಳಿದದ್ದಿಲ್ಲ. ಹಾಗಿರುವಾಗ ಆಸಿಡ್ ತರಲಿಕ್ಕೆ ಹೇಗೆ ಹೋದಳು?

ಭವಿತಾ

———

ಪಂಜ
೧೨ ನವೆಂಬರ್ ೨೦೨೪

ಭವಿತಾ,

ಬೊಳ್ಳು ನಿನ್ನೆ ಮನೆಗೆ ಬಂದ. ಕಾಲು ಉಳಿದಿದೆ. ಊರಲಾಗುವುದಿಲ್ಲ, ಮೂರು ಕಾಲಿನಲ್ಲಿ ಕುಂಟುತ್ತಾನೆ. ಗಾಯ ನೆಕ್ಕದ ಹಾಗೆ ಕುತ್ತಿಗೆಗೆ ದೊಡ್ಡ ಪ್ಲಾಸ್ಟಿಕ್ ಲಾಳಿಕೆ ಕಟ್ಟಿದ್ದಾರೆ, ಆ ವೇಷದಲ್ಲಿ ನೇರ ಅತ್ತೆಯ ಕುರ್ಚಿಯ ಬುಡಕ್ಕೆ ಹೋಗಿ ಮಲಗಿದ. ಅವರು ಮುಟ್ಟಲಿಲ್ಲ. ಕೈ ಎತ್ತಿ, ನನ್ನ ಮುಖ ನೋಡಿ, ಮತ್ತೆ ಮಡಿಲಲ್ಲಿ ಇಟ್ಟುಕೊಂಡರು.

ಈಗ ಅವರು ಯಾವುದನ್ನೂ ಮುಟ್ಟುವುದಿಲ್ಲ. ತರಕಾರಿ ಹೆಚ್ಚುವ ಮೆಟ್ಟುಕತ್ತಿಯನ್ನು ನಾನು ಅಟ್ಟದ ಮೇಲೆ ಇಟ್ಟೆ, ಯಾಕೆ ಎಂದು ಕೇಳಲಿಲ್ಲ. ಅಡುಗೆಮನೆಯ ಹೊಸ್ತಿಲು ದಾಟುವ ಮೊದಲು, "ಬರ್ಬಹುದಾ?" ಎನ್ನುತ್ತಾರೆ. ಆ ಹೊಸ್ತಿಲು ಹಾಕಿಸಿದ್ದೇ ಅವರು. ನೀರು ಬೇಕಾದರೂ ಕೇಳಿಯೇ ಕುಡಿಯುವುದು. "ನನ್ನ ತಲೆ ಸರಿ ಇಲ್ಲಲ್ಲ, ಮತ್ತೆ ಯಾರನ್ನಾದ್ರೂ ಸುಟ್ಟು ಹಾಕಿದ್ರೆ?" ಎಂದು ನಿನ್ನ ಅಣ್ಣನ ಹತ್ತಿರ ಹೇಳಿದರಂತೆ. ಊಟ ಅರ್ಧಕ್ಕಿಂತ ಕಡಿಮೆಯಾಗಿದೆ. ಬಂದವರೆಲ್ಲ, "ಪೂವಮ್ಮ ಪಾಪ, ಹೇಗಿದ್ದವರು ಹೇಗಾದರು" ಎನ್ನುತ್ತಾರೆ. ಅವರು ಅದಕ್ಕೂ ತಲೆಯಾಡಿಸುತ್ತಾರೆ.

ಶೆಡ್ಡಿನ ವಿಷಯ ಕೇಳಿದ್ದಿ. ಮರೆವಿನವರು ಯಾವಾಗ ಎಲ್ಲಿ ಇಳಿಯುತ್ತಾರೆ ಎಂದು ಯಾರಿಗೆ ಗೊತ್ತು? ಕೋಲು ಊರಿಕೊಂಡು ಹೋಗಿರಬೇಕು.

ಹರಿಣಾಕ್ಷಿ

———

ಸವಣೂರು
೨೫ ನವೆಂಬರ್ ೨೦೨೪

ಅತ್ತಿಗೆಗೆ,

ವ್ಯವಸ್ಥೆ ಆಗಿದೆ. ಪುತ್ತೂರಿನ ಹೊರಗೆ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಕಡೆ ಇದೆ. ಹೋಗಿ ನೋಡಿ ಬಂದೆ. ಚೊಕ್ಕವಾಗಿದೆ, ನರ್ಸ್ ಇದ್ದಾರೆ. ಬೊಳ್ಳುವನ್ನು ಒಳಗೆ ಬಿಡುವುದಿಲ್ಲ, ಅದು ನನಗೆ ಗೊತ್ತಿದ್ದೂ ಕೇಳಿದೆ. ನಡೆಯುವವರಿಗೆ ಬೇರೆ ಕೋಣೆ, ತಮಗೂ ಇತರರಿಗೂ ಅಪಾಯ ಮಾಡುವವರಿಗೆ ಬೇರೆ ಕೋಣೆ. ಎರಡನೆಯದರ ಬಾಗಿಲಿಗೆ ಹೊರಗಿನಿಂದ ಚಿಲಕ.

ಅಕ್ಟೋಬರಿನಲ್ಲಿ ಆದದ್ದನ್ನು ಹೇಳಿದಾಗ ಅವ್ವನಿಗೆ ಎರಡನೆಯದೇ ಆಗಬೇಕು ಎಂದರು. ಅದಕ್ಕೆ ಮನೆಯಲ್ಲಿ ಜೊತೆಗಿದ್ದವರು ಆದದ್ದನ್ನು ಬರೆದು ಸಹಿ ಹಾಕಿ ಕೊಡಬೇಕು. ಫಾರ್ಮ್ ಇದರೊಟ್ಟಿಗೆ ಇದೆ. ಕಣ್ಣಾರೆ ಕಂಡವರು ನೀವೇ, ಆದ್ದರಿಂದ ನೀವೇ ಬರೆಯಬೇಕು. ಡಿಸೆಂಬರ್ ಹತ್ತಕ್ಕೆ ಕರೆದುಕೊಂಡು ಬರಲು ಹೇಳಿದ್ದಾರೆ. ಅಣ್ಣ ಒಪ್ಪಿದ್ದಾನೆ. ಒಪ್ಪುವಾಗ ಅತ್ತ.

ನೀವು ಹನ್ನೆರಡು ವರ್ಷ ಒಬ್ಬರೇ ನೋಡಿಕೊಂಡಿರಿ. ಏಪ್ರಿಲ್‌ನಲ್ಲಿ ನಾನು ಹಾಗೆ ಮಾತಾಡಬಾರದಿತ್ತು.

ಭವಿತಾ

———

ಪಂಜ
೧ ಡಿಸೆಂಬರ್ ೨೦೨೪

ಭವಿತಾ,

ಫಾರ್ಮ್ ಸಿಕ್ಕಿತು. ನಾಳೆ ಬರೆದು ಕಳಿಸುತ್ತೇನೆ.

ಹರಿಣಾಕ್ಷಿ

———

ಪಂಜ
೫ ಡಿಸೆಂಬರ್ ೨೦೨೪

ಭವಿತಾ,

ಫಾರ್ಮ್ ಖಾಲಿಯೇ ವಾಪಸ್ ಬರುತ್ತಿದೆ. ಇದನ್ನು ಕೂತು ಓದು.

ಆಸಿಡನ್ನು ಶೆಡ್ಡಿನಿಂದ ತಂದದ್ದು ಅತ್ತೆಯಲ್ಲ, ನಾನು. ಸೆಪ್ಟೆಂಬರಿನಲ್ಲಿ ದೊಡ್ಡ ಕ್ಯಾನಿನ ಮುಚ್ಚಳ ಒಡೆದಿತ್ತು. ದಿನದ ಉಪಯೋಗಕ್ಕೆಂದು ಸ್ವಲ್ಪವನ್ನು ಒಂದು ಖಾಲಿ ಬಾಟಲಿಗೆ ಬಗ್ಗಿಸಿದೆ. ಗಾಯ ತೊಳೆಯುವ ಮದ್ದಿನದ್ದೇ ಹಳೆಯ ಬಾಟಲಿ ಅದು, ಚೀಟಿಯನ್ನು ಕೂಡ ಕಿತ್ತಿರಲಿಲ್ಲ. ಅಷ್ಟರಲ್ಲಿ ಮೇಲೆ ಕುಕ್ಕರ್ ಕೂಗಿತು, ಬಾಟಲಿ ಕೈಯಲ್ಲಿಟ್ಟುಕೊಂಡೇ ಓಡಿ ಬಂದೆ. ಕಿಟಕಿಯಲ್ಲಿ ಇಟ್ಟೆ, ಮರೆತೆ. ಮರುದಿನ ಇನ್ನೊಂದು ಬಾಟಲಿ ತುಂಬಿಸಿಕೊಂಡೆ. ಬೊಳ್ಳುವಿನ ಮದ್ದು ತಂದ ದಿನ ಅದರ ಪಕ್ಕದಲ್ಲೇ ಹೊಸ ಬಾಟಲಿ ಇಟ್ಟವಳೂ ನಾನೇ. ಎರಡೂ ಒಂದೇ ಹಾಗೆ. ಆಸಿಡನ್ನು ಮನೆಯೊಳಗೆ ತರಬೇಡ ಎಂದು ನಿನ್ನ ಅಣ್ಣ ಎಷ್ಟು ಸಲ ಹೇಳಿದ್ದಾರೆ. ನಾನು, "ನಿಮ್ಮ ಬಸ್ ನೀವು ನೋಡಿಕೊಳ್ಳಿ" ಎಂದವಳು.

ಅತ್ತೆ ಮಾಡಿದ್ದು ಇಷ್ಟೆ. ಮದ್ದಿನ ಕಿಟಕಿಯಿಂದ, ಮದ್ದಿನ ಬಾಟಲಿ ತೆಗೆದು, ಗಾಯಕ್ಕೆ ಹಚ್ಚಿದರು. ಕಣ್ಣು ಕಾಣುವ ನಾನಾದರೂ ಅದನ್ನೇ ಮಾಡುತ್ತಿದ್ದೆ.

ಆ ದಿನ ಅವರ ಪಕ್ಕದಲ್ಲಿ ಬಾಟಲಿ ಕಂಡ ಕೂಡಲೇ ನನಗೆ ಗೊತ್ತಾಯಿತು. ಆಟೋ ಬರುವ ಮೊದಲು ಅದನ್ನು ಹಿತ್ತಿಲಲ್ಲಿ ಹೂತುಹಾಕಿದೆ. ನಾಯಿ ಕಿರುಚುತ್ತಿದೆ, ಅತ್ತೆಯ ಕೈಯಿಂದ ರಕ್ತ ಇಳಿಯುತ್ತಿದೆ, ನಾನು ಗುಂಡಿ ತೋಡುತ್ತಿದ್ದೇನೆ. ಹೀಗೂ ಇರುತ್ತಾರೆ ಜನ. ಆಸ್ಪತ್ರೆಯಲ್ಲಿ ಕೇಳಿದಾಗ ಸುಳ್ಳು ಬಾಯಿಗೆ ತಾನಾಗಿ ಬಂತು. ಅತ್ತೆ ಪಕ್ಕದಲ್ಲೇ ಇದ್ದರು. ಅವರು ಇಲ್ಲವೆನ್ನಲಿಲ್ಲ. ನಾನು ಹೇಳಿದ್ದನ್ನು ನಂಬಿಬಿಟ್ಟರು.

ಇನ್ನೂ ಒಂದು ಇದೆ, ಅದನ್ನೂ ಬರೆಯುತ್ತೇನೆ. ಇನ್ನು ಅವ್ವನ ಜವಾಬ್ದಾರಿ ನನ್ನದು ಎಂದು ನೀನು ಬರೆದ ದಿನ ನನಗೆ ಖುಷಿಯಾಯಿತು. ಹನ್ನೆರಡು ವರ್ಷದಲ್ಲಿ ಒಂದು ದಿನ ನಾನು ಮನೆ ಬಿಟ್ಟು ಉಳಿದದ್ದಿಲ್ಲ. ನನ್ನ ತವರಿನ ಮದುವೆಗೂ ಊಟ ಮಾಡಿ ಓಡಿ ಬಂದವಳು. ಆದದ್ದು ಆಯಿತು, ಹೇಗೂ ನನಗೆ ಬಿಡುಗಡೆ ಸಿಕ್ಕಿತಲ್ಲ ಎಂದುಕೊಂಡೆ. ಫಾರ್ಮ್ ಬರೆಯಲು ಕೂತು, ಹೊರಗಿನ ಚಿಲಕದ ವಿಷಯ ಅದರಲ್ಲಿ ಇನ್ನೊಮ್ಮೆ ಓದುವ ತನಕ ಹಾಗೆಯೇ ಅಂದುಕೊಂಡಿದ್ದೆ. ಆ ಚಿಲಕ ನಾನು ಹಾಕುತ್ತಿರುವುದು.

ಇವತ್ತು ಮಧ್ಯಾಹ್ನ ಅತ್ತೆಯ ಎದುರು ಕೂತು ಎಲ್ಲ ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಅವರು, "ಹಾಗಾದ್ರೆ ನನ್ನ ತಲೆ ಸರಿ ಉಂಟಾ?" ಎಂದು ಕೇಳಿದರು.

"ಆ ವಿಷಯದಲ್ಲಿ ಸರಿ ಉಂಟು ಅತ್ತೆ" ಎಂದೆ. ಅವರು ಬಗ್ಗಿ ಬೊಳ್ಳುವಿನ ಲಾಳಿಕೆಯೊಳಗೆ ಕೈ ಹಾಕಿ ಕಿವಿ ತುರಿಸಿದರು. ನಲುವತ್ತೆರಡು ದಿನದ ನಂತರ. ಆಮೇಲೆ ಮೆಟ್ಟುಕತ್ತಿ ಎಲ್ಲಿ ಎಂದು ಕೇಳಿದರು. ಅಟ್ಟದಿಂದ ಇಳಿಸಿ ಕೊಟ್ಟೆ.

ಇದೇ ಕಾಗದವನ್ನು ನಿನ್ನ ಅಣ್ಣನಿಗೂ ಓದಲು ಕೊಟ್ಟಿದ್ದೇನೆ. ಅವರು ಇನ್ನೂ ನನ್ನ ಹತ್ತಿರ ಮಾತಾಡಿಲ್ಲ. ನೀನು ಏನು ಹೇಳಿದರೂ ಕೇಳುತ್ತೇನೆ.

ಹರಿಣಾಕ್ಷಿ

———

ಸವಣೂರು
೮ ಡಿಸೆಂಬರ್ ೨೦೨೪

ಅತ್ತಿಗೆ,

ಕಾಗದ ಸಿಕ್ಕಿತು. ಅವ್ವ ಬರುವುದಿಲ್ಲ ಎಂದು ಪುತ್ತೂರಿನವರಿಗೆ ಹೇಳಿಬಿಟ್ಟೆ.

ಈಗ ಬೇರೆ ಏನೂ ಬರೆಯುವುದಿಲ್ಲ. ಬರೆದರೆ ಏಪ್ರಿಲ್‌ನದ್ದಕ್ಕಿಂತ ಹೆಚ್ಚಾಗುತ್ತದೆ.

ಭವಿತಾ

———

ಪಂಜ
೨೩ ಡಿಸೆಂಬರ್ ೨೦೨೪

ಭವಿತಾ,

ನೀನು ಬರೆಯದಿದ್ದರೂ ನಾನು ಬರೆಯಬೇಕಾಗಿದೆ. ನಿನಗೆ ತಿಳಿದಿರಬೇಕಾದ ವಿಷಯ.

ನಾನು ಅತ್ತೆಗೆ ಹೇಳಿದ ಮರುದಿನ ಬೆಳಿಗ್ಗೆ ಅವರು ಜಗಲಿಯಲ್ಲಿ ಮತ್ತೆ ಕೈ ಮಡಿಲಲ್ಲಿ ಇಟ್ಟು ಕೂತಿದ್ದರು. ಚಹಾ ಕೊಟ್ಟರೆ, "ಕುಡಿಯಬಹುದಾ?" ಎಂದರು. ಬೊಳ್ಳು ಮೂತಿ ತಂದರೆ ಕಾಲು ಹಿಂದೆಳೆದುಕೊಂಡು, "ಇದನ್ನು ಸುಟ್ಟವಳು ನಾನು" ಎಂದರು. ಹಿಂದಿನ ದಿನ ನಾನು ಹೇಳಿದ ಒಂದಕ್ಷರವೂ ಅವರಿಗೆ ನೆನಪಿಲ್ಲ.

ಇನ್ನೊಮ್ಮೆ ಹೇಳಿದೆ. ಬಾಟಲಿ, ಕಿಟಕಿ, ಗುಂಡಿ, ಆಸ್ಪತ್ರೆ, ಎಲ್ಲ. ಮುಖ ಅರಳಿತು, "ಹೌದಾ? ನಾನಲ್ವಾ?" ಎಂದರು. ಗಂಜಿ ಉಂಡರು, ಸೊಪ್ಪು ಹೆಚ್ಚಿಕೊಟ್ಟರು. ಮರುದಿನ ಬೆಳಿಗ್ಗೆ ಮತ್ತೆ ಕೈ ಮಡಿಲಲ್ಲಿ.

ನಾನು ಹೇಳಿದ ಸುಳ್ಳನ್ನು ಒಂದೇ ಸಲ ಕೇಳಿದವರು, ಅದು ಎರಡು ತಿಂಗಳು ಗಟ್ಟಿಯಾಗಿ ಕೂತಿದೆ. ಸತ್ಯವನ್ನು ದಿನಾ ಹೇಳುತ್ತೇನೆ, ಅದು ಬೆಳಗಾಗುವಾಗ ಹೋಗಿರುತ್ತದೆ. ಈಗ ಟ್ಯಾಪಿಂಗ್‌ಗೆ ಇಳಿಯುವ ಮೊದಲು ಅವರನ್ನು ಎಬ್ಬಿಸಿ ಹೇಳಿಯೇ ಹೋಗುವುದು. ಇವತ್ತಿಗೆ ಹದಿನೆಂಟನೇ ಸಲ. ಪ್ರತಿ ಸಲವೂ ಅವರಿಗೆ ಹೊಸತು, ಆದ್ದರಿಂದ ನನಗೂ ಹಳತಾಗುವುದಿಲ್ಲ. ಒಂದು ದಿನ ಬಿಟ್ಟುಬಿಡೋಣ ಎಂದು ನೋಡಿದೆ. ಆ ದಿನ ಅವರು ಸಂಜೆಯ ತನಕ ನೀರು ಕೇಳಲಿಲ್ಲ.

ತಪ್ಪಿಸಿಕೊಳ್ಳಲು ಹೇಳುತ್ತಿಲ್ಲ. ಜನವರಿ ಐದರಂದು ಆದಿತ್ಯವಾರ ಬೊಳ್ಳುವನ್ನು ಪುತ್ತೂರಿಗೆ ತೋರಿಸಬೇಕು. ಬೆಳಿಗ್ಗೆ ಬೇಗ ಹೊರಡಬೇಕು, ಅವನನ್ನು ಹೊರಡಿಸುವ ಗಡಿಬಿಡಿಯಲ್ಲಿ ಅತ್ತೆಯನ್ನು ಎಬ್ಬಿಸಿ ಹೇಳಲು ನನ್ನಿಂದಾಗದು. ಆ ದಿನ ಒಬ್ಬರು ಅತ್ತೆಗೆ ಹೇಳಬೇಕು. ನಿನ್ನ ಅಣ್ಣನಿಂದ ಆಗುವುದಿಲ್ಲ, ಬಾಯಿ ತೆರೆದರೆ ಕಣ್ಣಲ್ಲಿ ನೀರು. ನೀನು ಬರುತ್ತೀಯಾ?

ಹರಿಣಾಕ್ಷಿ

———

ಪಂಜ, ನಿಮ್ಮದೇ ಅಡುಗೆಮನೆ
೫ ಜನವರಿ ೨೦೨೫

ಅತ್ತಿಗೆ,

ನೀವು ಬರುವಾಗ ನಾನು ಮೂರೂವರೆಯ ಬಸ್ಸಿಗೆ ಹೋಗಿರುತ್ತೇನೆ. ಅಷ್ಟು ಹೊತ್ತಿಗೆ ಅಣ್ಣ ಬರುತ್ತಾನೆ. ಮುಖಾಮುಖಿ ಮಾತಾಡಲು ನನಗೆ ಇನ್ನೂ ಸ್ವಲ್ಪ ಸಮಯ ಬೇಕು. ಸಾರು ಒಲೆಯ ಮೇಲಿದೆ. ಅವ್ವನ ಮಾತ್ರೆ ಕೊಟ್ಟಾಗಿದೆ.

ನೀವು ಬೊಳ್ಳುವನ್ನು ಆಟೋ ಹತ್ತಿಸಿದ ಮೇಲೆ ಅವ್ವ ಎದ್ದಳು. ನನ್ನನ್ನು ಮೊದಲು ನನ್ನ ಚಿಕ್ಕಮ್ಮ ಎಂದುಕೊಂಡಳು, ಆಮೇಲೆ ಗುರುತು ಹಿಡಿದಳು. ಕುರ್ಚಿಯಲ್ಲಿ ಕೂತು, ನೀವು ಬರೆದ ಹಾಗೆಯೇ, ಕೈ ಮಡಿಲಲ್ಲಿ ಇಟ್ಟುಕೊಂಡಳು. "ನಾಯಿ ಎಲ್ಲಿ? ನಾನು ಸುಟ್ಟದ್ದಲ್ವಾ, ಸತ್ತು ಹೋಯ್ತಾ?" ಎಂದು ಕೇಳಿದಳು.

ನಾನು ಹೇಳಿದೆ. ಮೆತ್ತಗೆ ಹೇಳಲಿಲ್ಲ, ಒಪ್ಪಿಕೊಳ್ಳುತ್ತೇನೆ. ತಿಂಗಳಿಂದ ಒಳಗೆ ಇಟ್ಟುಕೊಂಡ ಸಿಟ್ಟೆಲ್ಲ ಸೇರಿಸಿ ಹೇಳಿದೆ. "ನೀನಲ್ಲ ಅವ್ವ. ಆ ಬಾಟಲಿಗೆ ಆಸಿಡ್ ತುಂಬಿಸಿದ್ದು ಹರಿಣಾಕ್ಷಿ ಅತ್ತಿಗೆ. ಕಿಟಕಿಯಲ್ಲಿ ಇಟ್ಟದ್ದು ಅವರು. ತಪ್ಪನ್ನು ನಿನ್ನ ಮೇಲೆ ಹಾಕಿದ್ದೂ ಅವರೇ."

ಅವಳ ಮುಖ ಅರಳುತ್ತದೆ ಎಂದು ನೀವು ಬರೆದಿದ್ದಿರಿ. ಅರಳಲಿಲ್ಲ. ಹಿಂದೆ ಮುಂದೆ ನೋಡಿದಳು, ನೀವು ಎಲ್ಲಾದರೂ ಇದ್ದೀರೋ ಎಂದು ನೋಡಿದ ಹಾಗೆ. ಆಮೇಲೆ ನನ್ನನ್ನು ಹತ್ತಿರ ಕರೆದು, ಸ್ವರ ತಗ್ಗಿಸಿ ಹೇಳಿದಳು: "ಮೆಲ್ಲ ಮಾತಾಡು ಮಗಾ. ಅವಳಿಗೆ ಕೇಳ್ತದೆ. ಪಾಪ, ಬೆಳಿಗ್ಗೆಯಿಂದ ಒಬ್ಳೇ ದುಡಿಯುದು. ನಾನೇ ಹಾಕಿದ್ದು ಅಂತ ಇರ್ಲಿ. ನನಗಾದ್ರೆ ಮರೆತು ಹೋಗ್ತದೆ, ಅವಳಿಗೆ ಮರೆಯುದಿಲ್ಲ."

ನಾನು ಒಳಗೆ ಬಂದೆ. ಸ್ವಲ್ಪ ಹೊತ್ತಿನಲ್ಲಿ ಅವಳು ಹೊಸ್ತಿಲ ಹತ್ತಿರ ಬಂದು ನಿಂತಳು. ಬರಬಹುದಾ ಎಂದು ಕೇಳುವ ಮೊದಲೇ ಮೆಟ್ಟುಕತ್ತಿ ಮತ್ತು ಒಂದು ಸೌತೆಕಾಯಿ ಎದುರಿಗಿಟ್ಟೆ. ಈಗ ಅವಳು ಹೆಚ್ಚುತ್ತಿದ್ದಾಳೆ, ನಾನು ಇದನ್ನು ಬರೆಯುತ್ತಿದ್ದೇನೆ.

ಮುಂದಿನ ಶನಿವಾರ ಸಂಜೆ ಬರುತ್ತೇನೆ. ಆದಿತ್ಯವಾರದ ಬೆಳಿಗ್ಗೆ ಇನ್ನು ಮುಂದೆ ನನ್ನ ಪಾಲಿಗಿರಲಿ. ನೀವು ತವರಿಗೆ ಹೋಗಿ ಒಂದು ರಾತ್ರಿ ಉಳಿದು ಬನ್ನಿ.

ನಿಮ್ಮ,
ಭವಿತಾ